ಕುಮಟಾದಿಂದ ಮಸ್ಕಿಗೆ

ತಾನು ಕಾಣದ ಊರಿಗೆ ದಾರಿ ಹೇಳುವವನನ್ನು ಲೋಕವು ನಂಬುವುದಿಲ್ಲ. ಉಪಾಧ್ಯಾಯನಿಗೆ ಮಾತ್ರ ಈ ವಿಷಯದಲ್ಲಿ ವಿನಾಯಿತಿಯುಂಟು. ಎಂದೂ ನೋಡದ ರಾಜಧಾನಿಗಳನ್ನೂ ಎಂದೂ ಮುಟ್ಟದ ಶಿಲಾಸ್ತಂಭಗಳನ್ನೂ ಆತನು ಕುರ್ಚಿಯಲ್ಲಿ ಕುಳಿತೇ ವರ್ಣಿಸಬಹುದು. ಮಕ್ಕಳು ನಂಬಿ ಬರೆದುಕೊಳ್ಳುತ್ತಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಈ ವಿನಾಯಿತಿಯನ್ನು ಅನುಭವಿಸಿದೆವು. ಸಂಸ್ಕೃತ ಪಾಠಕ್ಕೆಂದು ನೇಮಕವಾಗಿದ್ದರೂ, ಕಡಲತೀರದ ಸಣ್ಣ ಶಾಲೆಯಾದುದರಿಂದ ಚರಿತ್ರೆಯ ಪಾಠವೂ ನಮ್ಮ ಪಾಲಿಗೆ ಬಂದಿತ್ತು.

ಒಮ್ಮೆ ಎಂಟನೆಯ ತರಗತಿಯಲ್ಲಿ ಅಶೋಕನ ಶಾಸನಗಳ ಪಾಠ ನಡೆದಿತ್ತು. ಮಸ್ಕಿಯ ಬಂಡೆಯಲ್ಲಿ ಆ ಚಕ್ರವರ್ತಿಯ ಹೆಸರೇ ದೊರೆಯಿತೆಂಬುದನ್ನು ಹೇಳಿ, 1915 ಎಂಬ ಇಸವಿಯನ್ನು ಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತನು. “ಮಸ್ಕಿಗೆ ಇಲ್ಲಿಂದ ಹ್ಯಾಂಗೆ ಹೋಗೂದು ಸರ್? ನೀವು ಆ ಕಲ್ಲು ನೋಡಿದ್ರಾ?” ಎಂದು ಕೇಳಿದನು. ನೋಡಿಲ್ಲ, ದಾರಿಯೂ ಗೊತ್ತಿಲ್ಲ ಎಂಬುದೇ ಸತ್ಯವಾದ ಉತ್ತರ. ನಾವು ಕೊಟ್ಟ ಉತ್ತರವೇ ಬೇರೆ: “ಪರೀಕ್ಷೆಯಲ್ಲಿ ದಾರಿ ಕೇಳುವುದಿಲ್ಲ, ಇಸವಿ ಕೇಳುತ್ತಾರೆ. ಕುಳಿತುಕೋ.” ತರಗತಿಯು ನಕ್ಕಿತು; ಹುಡುಗನು ಕುಳಿತನು. ಅನಂತರ ಅವನು ಯಾವ ಪ್ರಶ್ನೆಯನ್ನೂ ಕೇಳಿದ್ದು ನಮಗೆ ನೆನಪಿಲ್ಲ. ಮರುವರ್ಷ ಶಾಲೆ ತೆರೆದಾಗ ಅವನು ಬರಲಿಲ್ಲ. ಮೀನಿನ ಬೋಟಿನ ಕೆಲಸಕ್ಕೆ ಹೋದನೆಂದು ಕೇಳಿದೆವು.

ನಿವೃತ್ತಿಯ ತರುವಾಯ, ಮನೆಯ ಜಗುಲಿಯಲ್ಲಿ ಕುಳಿತಾಗ, ಪಾಸಾದ ನೂರಾರು ಮಂದಿ ನೆನಪಿಗೆ ಬರಲಿಲ್ಲ; ಈ ಒಬ್ಬ ಹುಡುಗ ಮತ್ತೆ ಮತ್ತೆ ಬಂದನು. ಕಡೆಗೆ, ಅವನು ಕೇಳಿದ ದಾರಿಯನ್ನು ನಾವೇ ನಡೆದು ತಿಳಿಯತಕ್ಕದ್ದೆಂದು ನಿಶ್ಚಯಿಸಿದೆವು. ಕುಮಟಾದ ಕಡಲತೀರದಿಂದ ರಾಯಚೂರು ಜಿಲ್ಲೆಯ ಮಸ್ಕಿಯವರೆಗೆ, ನಾಡನ್ನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡಲಾಗಿ ದಾಟುವುದು. ಹೆದ್ದಾರಿಯನ್ನು ಆದಷ್ಟು ಬಿಟ್ಟು, ಪಾಠದಲ್ಲಿ ಹೇಳಿದ ಊರುಗಳನ್ನು ಒಳದಾರಿಯಿಂದ ನೋಡುತ್ತ ಹೋಗುವುದು. ಲೇಖನದಲ್ಲಿ ‘ನಾವು’ ಎಂದು ಬರೆಯುವುದು ಬರೆಹದ ವಾಡಿಕೆಗಾಗಿ. ಗಾಡಿಯಲ್ಲಿದ್ದವರು ಒಬ್ಬರೇ ಎಂಬುದನ್ನು ವಾಚಕರು ಗಮನಿಸಬೇಕು.

“ಅಪ್ಪಯ್ಯ, ಈ ವಯಸ್ಸಿನಲ್ಲಿ ಒಂಟಿಯಾಗಿ ಏಕೆ? ನಾನು ರಜೆ ಹಾಕಿ ಬರುತ್ತೇನೆ, ಹೆದ್ದಾರಿಯಲ್ಲಿ ಒಂದೇ ದಿನಕ್ಕೆ ಮುಟ್ಟಿಸುತ್ತೇನೆ” ಎಂದು ಮಗನು ಹೇಳಿದನು. ಒಂದೇ ದಿನಕ್ಕೆ ಮುಟ್ಟುವುದು ನಮಗೆ ಬೇಕಾಗಿರಲಿಲ್ಲ. ದಿನಕ್ಕೆರಡು ಸಲ ದೂರವಾಣಿ ಮಾಡುವುದು, ಕತ್ತಲಾದ ಮೇಲೆ ಗಾಡಿ ನಡೆಸದಿರುವುದು ಎಂಬ ಎರಡು ಷರತ್ತುಗಳ ಮೇಲೆ ಅವನು ಒಪ್ಪಿದನು. ದಾರಿಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ನಮ್ಮ ಪಾಥೇಯವು ಇಷ್ಟು: ಅವಲಕ್ಕಿ, ಬೆಲ್ಲ, ಎರಡು ಕೊಡ ನೀರು, ಒಂದು ಹೆಚ್ಚಿನ ಚಕ್ರ, ಮತ್ತು ಬ್ರಾಹ್ಮೀ ಅಕ್ಷರಮಾಲೆಯನ್ನು ಕೈಯಿಂದ ನಕಲು ಮಾಡಿದ ಒಂದು ಹಾಳೆ.

ದೀಪಾವಳಿ ಕಳೆದು, ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಾಗ ಹೊರಟೆವು. ಕುಮಟಾದಿಂದ ದೇವಿಮನೆ ಘಟ್ಟವನ್ನೇರಿದರೆ ಶಿರಸಿ, ಅಲ್ಲಿಂದ ಬನವಾಸಿ. ಘಟ್ಟದಲ್ಲಿ ನಮ್ಮ ಹಳೆಯ ಗಾಡಿಯು ಏದುಸಿರು ಬಿಡುತ್ತ ಹತ್ತಿತು. ಹಿಂದಿನವರಿಗೆಲ್ಲ ದಾರಿ ಬಿಟ್ಟುಕೊಟ್ಟೆವು. ಕಿಸೆಯೊಳಗಿನ ದೂರವಾಣಿಯ ನಕ್ಷೆಯು ಮಾತ್ರ ನಮ್ಮ ಉದ್ದೇಶವನ್ನು ಎಂದೂ ಒಪ್ಪಲಿಲ್ಲ. ಒಳದಾರಿಗೆ ಹೊರಳಿದಾಗಲೆಲ್ಲ, ಹಿಂದಿರುಗಿ ಹೆದ್ದಾರಿಯನ್ನು ಸೇರಿರೆಂದು ಗದರಿಸುತ್ತಿತ್ತು. ನಾವು ಕಂಡ ಕೆಲವು ಮುಖ್ಯೋಪಾಧ್ಯಾಯರ ಸ್ವಭಾವವೂ ಹೀಗೆಯೇ ಇತ್ತು. ಕಡೆಗೆ ಅದರ ಬಾಯಿ ಮುಚ್ಚಿಸಿ, ಚಹದ ಅಂಗಡಿಗಳಲ್ಲಿ ದಾರಿ ಕೇಳಿಕೊಂಡೆವು. ಅಂಗಡಿಯವರು ಮೊದಲು ನಮ್ಮ ಊರು ಕೇಳುತ್ತಾರೆ, ಬಳಿಕ ಹೋಗುವ ಕಾರಣ ಕೇಳುತ್ತಾರೆ, ಆಮೇಲೆ ದಾರಿ ಹೇಳುತ್ತಾರೆ. ಇದರಿಂದ ಕಾಲು ಗಂಟೆ ವ್ಯಯವಾಗುವುದು ನಿಜ. ಆದರೆ ಐದು ದಿವಸಗಳಲ್ಲಿ ಯಾರೊಬ್ಬರೂ ನಮಗೆ ತಪ್ಪು ದಾರಿ ತೋರಿಸಲಿಲ್ಲ.

ಬನವಾಸಿಯನ್ನು ವರದಾ ನದಿಯು ಬಳಸಿ ಹರಿಯುತ್ತದೆ. ಕದಂಬರ ರಾಜಧಾನಿ, ಪಂಪನು ಮನಸೋತ ನಾಡು ಎಂದು ನಾವು ಎಷ್ಟೋ ಸಲ ಬಾಯಿಪಾಠ ಮಾಡಿಸಿದ ಊರು, ಈಗ ಅನಾನಸಿನ ಹೊಲಗಳ ನಡುವೆ ಶಾಂತವಾಗಿ ಕುಳಿತಿದೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ಒಂದು ನಾಗಶಿಲೆಯುಂಟು. ಅದರ ಮೇಲಿನ ಬರೆಹವು ಪ್ರಾಕೃತದಲ್ಲಿದ್ದು, ಕದಂಬರಿಗೂ ಹಿಂದಿನ ಚುಟುವಂಶದ ಕಾಲಕ್ಕೆ ಸೇರಿದೆ. ಒಬ್ಬ ರಾಜಪುತ್ರಿಯು ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದಳೆಂದು ಅದು ತಿಳಿಸುತ್ತದೆ. ಕಲ್ಲಿನ ಮುಂದೆ ಯಾರೋ ಹೊಸದಾಗಿ ದಾಸವಾಳವನ್ನಿಟ್ಟಿದ್ದರು. ಹೂವಿಟ್ಟವರಿಗೆ ಬರೆಹವನ್ನು ಓದಲು ಬರುತ್ತಿರಲಾರದು. ಆದರೂ ಶತಮಾನಗಳ ಕಾಲ ಆ ಕಲ್ಲು ಉಳಿದುದರಲ್ಲಿ ಇಂಥವರ ಭಕ್ತಿಗೂ ಪಾಲಿದ್ದಿರಬೇಕೆಂದು ತೋರಿತು.

ಎರಡನೆಯ ದಿವಸ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದೆವು. ಪ್ರಣವೇಶ್ವರ ದೇವಾಲಯದ ಎದುರಿಗೆ ಆ ಪ್ರಸಿದ್ಧ ಸ್ತಂಭವಿದೆ. ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಕಾವ್ಯವೊಂದು ಅದರ ಮೈಮೇಲೆ ಕೊರೆದಿದೆ. ವೇದಾಧ್ಯಯನಕ್ಕೆಂದು ಗುರುವಿನೊಡನೆ ಕಾಂಚಿಯ ಘಟಿಕೆಗೆ ಹೋದ ಮಯೂರಶರ್ಮನು, ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಲ್ಲಿ ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದ ಕಥೆಯು ನಮಗೆ ಈ ಕಂಬದಿಂದಲೇ ತಿಳಿದುದು. ಈ ಕಥೆಯನ್ನು ನಾವು ಹೇಳುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಈಗ ಕಂಬದೆದುರು ನಿಂತ ನಮ್ಮ ಗತಿಯನ್ನು ಕೇಳಿರಿ: ಭಾಷೆಯು ನಮ್ಮ ಜೀವಮಾನದ ಅಭ್ಯಾಸದ ಭಾಷೆ, ಲಿಪಿಯ ಒಂದಕ್ಷರವೂ ತಿಳಿಯಲಿಲ್ಲ! ವ್ಯಾಕರಣವನ್ನೆಲ್ಲ ಕಲಿತು ಅಕ್ಷರವನ್ನೇ ಕಲಿಯದ ವಿದ್ಯಾರ್ಥಿಯಂತೆ ಸುಮ್ಮನೆ ಪ್ರದಕ್ಷಿಣೆ ಮಾಡಿದೆವು.

ಅದೇ ದೇವಾಲಯದ ಬಳಿ ಈಚಿನ ವರ್ಷಗಳ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೊಂದು ಬೆಳಕಿಗೆ ಬಂದಿದೆ. ಸುಮಾರು 450ರದೆನ್ನುವ ಹಲ್ಮಿಡಿ ಶಾಸನವೇ ಕನ್ನಡದ ಅತ್ಯಂತ ಹಳೆಯ ಬರೆಹವೆಂದು ನಾವು ಮೂವತ್ತು ವರ್ಷ ಹೇಳಿಕೊಟ್ಟೆವು. ತಾಳಗುಂದದ ಈ ಬರೆಹವು ಅದಕ್ಕಿಂತಲೂ ಹಿಂದಿನದೆಂದು ವಿದ್ವಾಂಸರು ಈಗ ಹೇಳುತ್ತಾರೆ. ಗುರುವು ನಿವೃತ್ತನಾದರೂ ಭೂಮಿಯು ಪಾಠವನ್ನು ತಿದ್ದುತ್ತಲೇ ಇರುತ್ತದೆ.

ತಾಳಗುಂದಕ್ಕೆ ಸಮೀಪದಲ್ಲಿಯೇ ಬಳ್ಳಿಗಾವೆ. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರತೀತಿಯಿರುವ ಈ ಗ್ರಾಮದಲ್ಲಿ ಕೇದಾರೇಶ್ವರನ ತ್ರಿಕೂಟ ದೇವಾಲಯವಿದೆ. ಹಿಂದೆ ಇಲ್ಲಿ ಕೋಡಿಯ ಮಠವೆಂಬ ವಿದ್ಯಾಸ್ಥಾನವಿತ್ತು. ಅಲ್ಲಿ ನಾಲ್ಕು ವೇದಗಳೂ ಹಲವು ವ್ಯಾಕರಣಗಳೂ ಷಡ್ದರ್ಶನಗಳೂ ಬೋಧಿಸಲ್ಪಡುತ್ತಿದ್ದುವೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ 1162ರ ಶಾಸನವು ವರ್ಣಿಸುತ್ತದೆ. ವಿದ್ಯೆ, ಅನ್ನ, ಔಷಧ ಮೂರನ್ನೂ ಒಂದೇ ಬಾಗಿಲಲ್ಲಿ ಕೊಟ್ಟ ಊರು ಈಗ ಒಂದು ಸಾಧಾರಣ ಹಳ್ಳಿ. ನಮಗೆ ಚಹ ಮಾಡಿಕೊಟ್ಟ ಅಂಗಡಿಯ ತಾಯಿ, “ಊಟ ಆಗಿದೆಯಾ ಮೇಷ್ಟ್ರೆ?” ಎಂದು ಕೇಳಿದರು. ನಾವು ಮೇಷ್ಟ್ರೆಂಬುದು ಹೇಗೆ ತಿಳಿಯಿತೆಂದರೆ, “ಗೋಡೆಯ ಬೋರ್ಡನ್ನು ಕೂಡ ತಪ್ಪು ಹುಡುಕುತ್ತಾ ಓದಿದಿರಲ್ಲಾ” ಎಂದು ನಕ್ಕರು.

ಆ ರಾತ್ರಿ ಹಾನಗಲ್ಲಿನಲ್ಲಿ ತಂಗಿ, ತಾರಕೇಶ್ವರ ದೇವಾಲಯದ ಛಾವಣಿಯ ಬೃಹತ್ಪದ್ಮವನ್ನು ಬೆಳಗಿನ ಬೆಳಕಿನಲ್ಲಿ ನೋಡಿ, ಮೂರನೆಯ ದಿವಸ ಸವಣೂರಿನ ಕಡೆಗೆ ಹೊರಟೆವು. ಅಂದು ನವೆಂಬರ್ 1. ಊರೂರಿನಲ್ಲಿ ಹಳದಿ-ಕೆಂಪಿನ ಬಾವುಟಗಳು. ಗಾಡಿ ನಡೆಸುತ್ತ ನಾವೊಂದು ಲೆಕ್ಕ ಹಾಕಿದೆವು. ಎಂಬತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಬಂದಿದ್ದರೆ ಎಷ್ಟು ಸರಕಾರಗಳನ್ನು ದಾಟಬೇಕಾಗುತ್ತಿತ್ತು? ಕುಮಟಾ, ಬನವಾಸಿ, ಹಾನಗಲ್ಲು ಮುಂಬಯಿ ಪ್ರಾಂತದವು, ತಾಳಗುಂದ ಮೈಸೂರು ಸಂಸ್ಥಾನದ್ದು, ಸವಣೂರು ನವಾಬರದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಗದಗು ಮತ್ತೆ ಮುಂಬಯಿಯದು, ಕೊಪ್ಪಳ, ಮಸ್ಕಿ ಹೈದರಾಬಾದಿನ ನಿಜಾಮರವು. ಐದು ದಿವಸದ ದಾರಿಗೆ ಐದು ಆಳಿಕೆಗಳು! ಪಯಣಿಗನೇನೋ ಹೇಗಾದರೂ ದಾಟಿಯಾನು; ಒಂದು ಮಗುವಿಗೆ ‘ಇದೆಲ್ಲವೂ ನಿನ್ನ ನಾಡು’ ಎಂದು ತಿಳಿಸುವುದು ಸುಲಭವಾಗಿರಲಿಲ್ಲ. 1956ರ ಏಕೀಕರಣವನ್ನು ಇಸವಿಯಾಗಿ ಕಲಿಸಿದ್ದ ನಮಗೆ ಅದರ ಅರ್ಥವು ಹಾನಗಲ್ಲಿನಿಂದ ಸವಣೂರಿಗೆ ಹೋಗುವಾಗ ತಿಳಿಯಿತು. ಗಡಿಯೆಲ್ಲಿತ್ತೆಂದು ದಾರಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಸವಣೂರಿನಲ್ಲಿ ದೊಡ್ಡಹುಣಸೆ ಮಠದ ಆವರಣದ ಪುರಾತನ ವೃಕ್ಷಗಳನ್ನು ಕಂಡೆವು. ಜನರು ದೊಡ್ಡ ಹುಣಸೆ ಎನ್ನುವ ಇವು ನಿಜವಾಗಿ ಆಫ್ರಿಕಾ ಖಂಡದ ಬಾವೋಬಾಬ್ ಮರಗಳು. ಹೊರನಾಡಿನಿಂದ ಬಂದು ಇಲ್ಲಿ ಪೂಜ್ಯವಾಗಿ ನಿಂತಿವೆ. ಕವಿ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದುದು ಇದೇ ಊರಿನಲ್ಲಿ. ಮನೆಯವರಿಗಾಗಿ ಸವಣೂರಿನ ಖಾರವನ್ನು ಒಂದು ಪೊಟ್ಟಣ ಕಟ್ಟಿಸಿಕೊಂಡೆವು. ಮಸ್ಕಿಯನ್ನು ಮುಟ್ಟುವ ಮುನ್ನ ಅದು ಖಾಲಿಯಾದುದಕ್ಕೆ ಒಂಟಿತನವೇ ಕಾರಣವೆಂದು ಮನೆಯಲ್ಲಿ ಹೇಳಿದ್ದೇವೆ.

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಸೋಮೇಶ್ವರ ದೇವಾಲಯದಲ್ಲಿ ಹೊತ್ತು ಹೋದುದೇ ತಿಳಿಯಲಿಲ್ಲ. ಗದಗಿನ ಕಡೆಗೆ ಒಳದಾರಿ ಹಿಡಿದಾಗ ಇಳಿಹೊತ್ತಾಗಿತ್ತು. ಅಕಾಲದ ಮಳೆಯೂ ಬಂತು. ಎದುರಿನಿಂದ ಬಂದ ಲಾರಿಗೆ ಎಡೆಗೊಡಲು ಗಾಡಿಯನ್ನು ಅಂಚಿಗೆ ಇಳಿಸಿದ್ದೇ ತಡ, ಎಡಗಡೆಯ ಎರಡು ಚಕ್ರಗಳೂ ಎರೆಮಣ್ಣಿನಲ್ಲಿ ಹೂತುವು. ಎರೆಮಣ್ಣೆಂದರೆ ಏನೆಂದು ಕಡಲತೀರದವರಿಗೆ ತಿಳಿಯದು. ಅದು ಒಣಗಿದಾಗ ಬಿರುಕು ಬಿಡುವ ಕಲ್ಲು, ನೆನೆದಾಗ ಹಿಡಿದುಕೊಳ್ಳುವ ಅಂಟು. ಚಕ್ರ ತಿರುಗಿದಷ್ಟೂ ಗಾಡಿ ಇಳಿಯಿತು. ಕತ್ತಲಾಯಿತು. ಸುತ್ತಲೂ ಹಿಂಗಾರಿ ಜೋಳದ ಎಳೆಯ ಪೈರು, ದೀಪವೊಂದೂ ಕಾಣದು, ದೂರವಾಣಿಗೆ ಸಂಕೇತವೂ ಇಲ್ಲ. ಮಗನಿಗೆ ಮಾತು ಕೊಟ್ಟ ಹೊತ್ತು ಮೀರುತ್ತಿತ್ತು. ಆ ಅರ್ಧ ಗಂಟೆ ನಾವು ಹೆದರಿದೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ನಮ್ಮ ಹಟವು ಮನೆಯವರ ನಿದ್ದೆಗೆಡಿಸುವ ಸ್ವಾರ್ಥವಲ್ಲವೇ ಎಂಬ ವಿಚಾರವು ಮಳೆಗಿಂತಲೂ ಹೆಚ್ಚು ತಣ್ಣಗೆ ತಾಗಿತು.

ಹೊಲದಿಂದ ಮರಳುತ್ತಿದ್ದ ಇಬ್ಬರು ತರುಣರು ನಮ್ಮನ್ನು ಕಂಡು, ಒಂದು ಮಾತನ್ನೂ ಕೇಳದೆ ಹೋಗಿ, ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ಹಣ ಕೊಡಹೋದರೆ, “ಅಜ್ಜಾರ, ರೊಕ್ಕ ಒಳಗ ಇಡ್ರಿ. ನಾಳೆ ನಿಮ್ಮೂರಾಗ ನಮ್ಮ ಗಾಡಿ ಸಿಕ್ಕಿಬಿದ್ರ ನೀವು ಎಳೀರಿ” ಎಂದರು. ರಾತ್ರಿ ಮುಂದೆ ಹೋಗಬಾರದೆಂದು ಮನೆಗೆ ಕರೆದುಕೊಂಡು ಹೋದರು. ಮೊದಲು ಅವರ ದೂರವಾಣಿಯಿಂದ ಮಗನೊಡನೆ ಮಾತಾಡಿದೆವು. ಆಮೇಲೆ ಮನೆಯ ಹಿರಿಯವ್ವ ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಇಟ್ಟು, “ನಾಚಬ್ಯಾಡ್ರಿ, ಹೊಟ್ಟಿತುಂಬ ಉಣ್ರಿ” ಎಂದರು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಪುಲಿಗೆರೆಯ ಹೊಲದ ಮನೆಯಲ್ಲಿ ಕುಳಿತು ನಾವು ಉಂಡ ಮಾತು ಆ ತಿರುಳಿನದೇ. ಅಚ್ಚಿನ ಕನ್ನಡಕ್ಕೆ ಹೊಂದದ ಮಾತನ್ನೆಲ್ಲ ಕೆಂಪು ಶಾಯಿಯಿಂದ ತಿದ್ದಿದ ಕೈ ನಮ್ಮದು; ಅಂದು ಅದೇ ಕೈಯಲ್ಲಿ ರೊಟ್ಟಿ ಮುರಿದು ತಿಂದೆವು.

ನಾಲ್ಕನೆಯ ದಿವಸ ಗದಗಿನ ವೀರನಾರಾಯಣನಿಗೆ ವಂದಿಸಿ ಲಕ್ಕುಂಡಿಗೆ ಬಂದೆವು. ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ಇಲ್ಲಿದೆ. ಪೊನ್ನನ ಶಾಂತಿಪುರಾಣವು ನಶಿಸಬಾರದೆಂದು ಅದರ ಒಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲೇಖಕರ ಎಷ್ಟು ಹಗಲುಗಳೋ! ಪುಸ್ತಕವನ್ನು ಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕುವ ನಮ್ಮಂಥವರು ಆ ಬಸದಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬರುವುದು ಒಳ್ಳೆಯದು.

ಅಲ್ಲಿಂದ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಹೆದ್ದಾರಿಯಿಂದ ಒಳಕ್ಕೆ, ಹೊಲಗಳ ನಡುವೆ, ಈ ಚಕ್ರವರ್ತಿಯು ಯಾವ ಆಡಂಬರವೂ ಇಲ್ಲದೆ ವಾಸವಾಗಿದ್ದಾನೆ. ನಾವು ಹೋದಾಗ ಅಲ್ಲಿ ಇನ್ನೊಬ್ಬ ಯಾತ್ರಿಕನಿರಲಿಲ್ಲ. ಸಂಜೆಗೆ ಕೊಪ್ಪಳ, ಅದೇ ಹಿಂದಿನ ಕೊಪಣ. ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಲಘುಶಾಸನಗಳಿವೆ. ನಮ್ಮ ಗುರಿಯು ಸಮೀಪಿಸಿತೆಂದು ತಿಳಿಯಿತು.

ಐದನೆಯ ದಿವಸ ಗಂಗಾವತಿಯ ದಾರಿ. ಬಯಲುಸೀಮೆಯೆಂದುಕೊಂಡು ಬಂದವನಿಗೆ ಇಲ್ಲಿ ಆಶ್ಚರ್ಯ ಕಾದಿದೆ: ಕಣ್ಣು ಹಾಯುವಷ್ಟು ದೂರವೂ ತೆನೆ ಬಾಗಿದ ಭತ್ತ. 1953ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯು ಮಾಡಿದ ಮಾಯೆಯಿದು. ಸಿಂಧನೂರಿನ ಬಳಿ ಕೆಲವು ಊರುಗಳಲ್ಲಿ ಬಂಗಾಳಿ ಮಾತು ಕಿವಿಗೆ ಬೀಳುತ್ತದೆ. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕುಟುಂಬಗಳಿಗೆ ಇಲ್ಲಿ ನೆಲೆ ದೊರೆತಿದೆ. ಅವರಿಗೂ ಭತ್ತವು ಹುಟ್ಟೂರಿನ ಬೆಳೆಯೇ.

ಮಧ್ಯಾಹ್ನ ಮೂರರ ಹೊತ್ತಿಗೆ ಮಸ್ಕಿಯನ್ನು ಮುಟ್ಟಿದೆವು. ಊರಿನ ಅಂಚಿನ ಕಲ್ಲುಗುಡ್ಡದ ಮೇಲೆ, ಗವಿಯಂತೆ ಒರಗಿದ ಬಂಡೆಯಲ್ಲಿ ಆ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಅದಿರನ್ನು ಅರಸುತ್ತ ಬಂದಾಗ ಇದನ್ನು ಕಂಡನು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲೆಲ್ಲ ರಾಜನನ್ನು ‘ದೇವರಿಗೆ ಪ್ರಿಯನಾದವನು’ ಎಂಬ ಬಿರುದಿನಿಂದಲೋ ‘ಪ್ರಿಯದರ್ಶಿ’ ಎಂತಲೋ ಕರೆದಿತ್ತು. ಅವನೇ ಅಶೋಕನೆಂಬ ವಿದ್ವಾಂಸರ ತರ್ಕಕ್ಕೆ ಶಾಸನದ ಸಾಕ್ಷಿಯು ಮೊತ್ತಮೊದಲು ದೊರೆತುದು ಇಲ್ಲಿ. ಚಿನ್ನ ಹುಡುಕಿದವನಿಗೆ ಒಂದು ಹೆಸರು ದೊರೆಯಿತು.

ನಾವು ಏದುತ್ತ ಹತ್ತುವುದನ್ನು ಕಂಡು ನಾಲ್ಕೈದು ಮಕ್ಕಳು ಹಿಂದೆಯೇ ಬಂದರು. ಹಾಳೆಯನ್ನು ತೆಗೆದು, ಮೊದಲ ಸಾಲಿನಲ್ಲಿ ಒಂದೊಂದಾಗಿ ಅಕ್ಷರ ಹುಡುಕಿದೆವು. ಮಕ್ಕಳ ಕಣ್ಣು ನಮ್ಮ ಕಣ್ಣಿಗಿಂತ ಚುರುಕು. “ಇದು ಈ ಹಾಳ್ಯಾಗಿನ ಕ, ಸರ್!” ಎಂದು ಒಬ್ಬಳು ಬೆರಳು ತೋರಿಸಿದಳು; ‘ಕ’ ಎಂಬುದು ಕೂಡಿಸುವ ಚಿಹ್ನೆಯಂತಿರುವುದರಿಂದ ಬೇಗ ಸಿಕ್ಕುತ್ತದೆ. ಅದರ ಹಿಂದಿನದು ‘ಸೋ’, ಅದಕ್ಕೂ ಹಿಂದೆ ‘ಅ’. ಪ್ರಾಕೃತದಲ್ಲಿ ಶಕಾರವು ಸಾಮಾನ್ಯವಾಗಿ ಸಕಾರವಾಗುವುದರಿಂದ ಅಶೋಕನು ‘ಅಸೋಕ’ನಾಗಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಹೆಸರನ್ನು ಮಕ್ಕಳು ಕೂಡಿ ಓದಿದರು.

“ಇದರಾಗ ಏನು ಬರದಾನ?” ಎಂದು ಹುಡುಗಿ ಕೇಳಿದಳು. ಹೇಳಿದೆವು: ರಾಜನು ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಾದುವೆಂದೂ, ಧರ್ಮದಲ್ಲಿ ಶ್ರಮಪಟ್ಟರೆ ದೊರೆಯುವ ಉನ್ನತಿಯು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಚಿಕ್ಕವನೂ ಅದನ್ನು ಪಡೆಯಬಲ್ಲನೆಂದೂ, ಈ ಸಂಗತಿಯನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕೆಂದೂ ಬರೆಯಿಸಿದ್ದಾನೆ.

ಇಷ್ಟನ್ನು ಹೇಳುವಾಗ ನಮ್ಮ ಧ್ವನಿಯು ನಿಂತುಹೋಯಿತು. ಈ ಶಾಸನದ ಇಸವಿಯನ್ನು ಮೂವತ್ತು ತಂಡದ ಮಕ್ಕಳಿಂದ ಬರೆಯಿಸಿದ ನಾವು, ಅದು ಹೇಳುವ ಮಾತನ್ನು ಕೇಳಿದ ಒಬ್ಬನೇ ಹುಡುಗನನ್ನು ಕುಳಿತುಕೋ ಎಂದಿದ್ದೆವು. ಬಂಡೆಯಲ್ಲಿ ಬರೆದಿದ್ದ ಆಜ್ಞೆಯನ್ನು, ಆ ಬಂಡೆಯ ಪಾಠವನ್ನು ಮಾಡುತ್ತಲೇ ಮೀರಿದ್ದೆವು.

ಗುಡ್ಡ ಇಳಿಯುವಾಗ ಆ ಹುಡುಗಿಯು ಮತ್ತೆ ಕೇಳಿದಳು: “ನಿಮ್ಮೂರು ಎಲ್ಲೈತಿ ಸರ್? ಸಮುದ್ರ ಐತೇನು? ಅಲ್ಲಿಗೆ ಹೆಂಗ ಹೋಗಬೇಕು?” ಗಾಡಿಯ ಮುಂಭಾಗದ ಮೇಲೆ ಹಾಳೆಯನ್ನು ತಿರುಗಿಸಿಟ್ಟು, ಬ್ರಾಹ್ಮಿಯ ಬೆನ್ನಿನ ಮೇಲೆ ಗೆರೆ ಎಳೆದೆವು. ಮಸ್ಕಿ, ಸಿಂಧನೂರು, ಗಂಗಾವತಿ, ಕೊಪ್ಪಳ, ಲಕ್ಕುಂಡಿ, ಗದಗು, ಲಕ್ಷ್ಮೇಶ್ವರ, ಸವಣೂರು, ಹಾನಗಲ್ಲು, ಬನವಾಸಿ, ಶಿರಸಿ, ದೇವಿಮನೆ, ಕುಮಟಾ. ಹೆಚ್ಚುಕಡಿಮೆ ಐನೂರು ಕಿಲೋಮೀಟರು. ಎಲ್ಲಿ ಎರೆಮಣ್ಣು ಎಚ್ಚರವೆಂಬುದನ್ನೂ, ಎಲ್ಲಿ ರೊಟ್ಟಿ ಸಿಕ್ಕುವುದೆಂಬುದನ್ನೂ ಬರೆದೆವು. ಕೊನೆಗೆ ಅಲೆಗಳ ಎರಡು ಗೀಟು ಹಾಕಿ ಕೊಟ್ಟೆವು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪಾಟಿಚೀಲದಲ್ಲಿಟ್ಟುಕೊಂಡಳು.

ಊರಿಗೆ ಮರಳಿದ ಮೇಲೆ ಅಂಥದೇ ಇನ್ನೊಂದು ಹಾಳೆಯನ್ನು ಬರೆದಿಟ್ಟಿದ್ದೇವೆ. ಇದರ ಆರಂಭವು ಕುಮಟಾ, ಕೊನೆಯು ಮಸ್ಕಿ. ಬೋಟುಗಳು ದಡಕ್ಕೆ ಬರುವ ಹೊತ್ತಿಗೆ ಬಂದರಿನ ಕಡೆಗೆ ಹೋಗಿ ವಿಚಾರಿಸುತ್ತಿದ್ದೇವೆ. ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು.